ಪ್ರಾರ್ಥನೆ ಇದೆ, ರೂಮ್ ಬಾಡಿಗೆಗೆ ಯಾರಿದ್ದಾರೆ?

ಚರ್ಚ್‌ಗೆ ಬರೋ ಯಾರಿಗಾದ್ರೂ ಕ್ಯಾನ್ಸರ್ ಅಂತ ಗೊತ್ತಾದ್ರೆ, ಭಾನುವಾರದ ಆರಾಧನೆಯಲ್ಲಿ ಅವರಿಗಾಗಿ ಪ್ರಾರ್ಥನೆ ಆಗುತ್ತೆ. ಒಳ್ಳೇದು. ಆದ್ರೆ ಹೆಸರು ಹೇಳೋ ಮುಂಚೆ ಅವರನ್ನ ಒಂದು ಮಾತು ಕೇಳಿ. ಕಾಯಿಲೆ ಊರಿಗೆಲ್ಲ ಗೊತ್ತಾಗೋದು ಎಲ್ಲರಿಗೂ ಇಷ್ಟ ಇರಲ್ಲ. ಕೀಮೋ ನಡೀತಿರೋರಿಗೆ ಸೋಂಕು ಬೇಗ ತಗಲುತ್ತೆ. ನಿಮಗೆ ಶೀತ ಇದ್ರೆ ಮನೆಗೆ ಹೋಗ್ಬೇಡಿ, ಫೋನ್‌ನಲ್ಲೇ ಪ್ರಾರ್ಥನೆ ಮಾಡಿ.

ಇನ್ನು ಕಾಣಿಕೆ. ನಾನು ಬಿ.ಕಾಂ. ಓದಿದವನು, ಲೆಕ್ಕದಲ್ಲೇ ಹೇಳ್ತೀನಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತೆ. ಆದ್ರೆ ರೇಡಿಯೇಷನ್ ಸಾಮಾನ್ಯವಾಗಿ ವಾರಕ್ಕೆ 5 ದಿನ, ಅದೂ ಹಲವು ವಾರ. ರಾಯಚೂರಿನಿಂದ ಬೆಂಗಳೂರಿನ ಕಿದ್ವಾಯಿಗೆ ಬಂದವರಿಗೆ ಧರ್ಮಶಾಲೆಯಲ್ಲಿ ಜಾಗ ಸಿಗದಿದ್ರೆ? ರೂಮ್ ಬಾಡಿಗೆ, ಜೊತೆಗೆ ಬಂದವರ ಊಟ, ತಪ್ಪಿದ ಕೂಲಿ, ಇದೆಲ್ಲ ಮನೆಯವರ ಜೇಬಿನಿಂದಲೇ ಹೋಗುತ್ತೆ. ದುಡ್ಡಿಲ್ಲ ಅಂತ ಕೆಲವರು ಅರ್ಧಕ್ಕೇ ಊರಿಗೆ ವಾಪಸ್ ಹೋಗ್ತಾರೆ.

ಚರ್ಚ್ ಕೈ ಜೋಡಿಸಬೇಕಾದ್ದು ಇಲ್ಲೇ. ಒಂದು ಸಲ ಕವರ್ ಕೊಟ್ಟು ಮುಗಿಸ್ಬೇಡಿ. 20 ಮನೆಯವರು ತಿಂಗಳಿಗೆ 300 ಹಾಕಿದ್ರೆ 6,000 ರೂಪಾಯಿ. ಚಿಕಿತ್ಸೆ ಮುಗಿಯೋವರೆಗೂ ಅದು ನಿಲ್ಲಬಾರದು. ಈ ಭಾನುವಾರ ನಿಮ್ಮ ಪಾಸ್ಟರ್ ಅಥವಾ ಫಾದರ್ ಹತ್ರ ಇದನ್ನೊಮ್ಮೆ ಮಾತಾಡಿ.