ಮಾತಿಗೆ ಮುಂಚಿನ ಪ್ರಾರ್ಥನೆ



ಅಧ್ಯಕ್ಷ ಪೀಠದಲ್ಲಿ ಕೂತವರು ತಮಗೆ ಆ ಅರ್ಹತೆಯಿಲ್ಲ ಎಂದು ಶುರುಮಾಡುವುದು ವಾಡಿಕೆ. ಊಟದ ಹೊತ್ತು ಹತ್ತಿರ ಬಂದಿದೆ. ಹಾಗಾಗಿ ಅದನ್ನು ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ. ಕ್ರೈಸ್ತರಲ್ಲದವರೊಡನೆ ನಮ್ಮ ವಿಶ್ವಾಸದ ಬಗ್ಗೆ ಮಾತಾಡುವಾಗ ದೇವರ ನಡೆಸುವಿಕೆಯನ್ನು ಹುಡುಕುವುದು ಹೇಗೆ ಎಂಬುದು ಈ ಸಮ್ಮೇಳನಕ್ಕೆ ನೀವು ಆರಿಸಿಕೊಂಡ ವಿಷಯ.

ನಮ್ಮ ಪ್ರಾರ್ಥನಾ ಕೂಟಗಳಲ್ಲಿ ಈ ಬಗ್ಗೆ ಕೇಳಿಬರುವ ಬೇಡಿಕೆ ಹೆಚ್ಚುಕಡಿಮೆ ಒಂದೇ. ಕರ್ತನೇ, ನನ್ನ ಬಾಯಿಗೆ ಮಾತು ಕೊಡು, ಅವರ ಮನಸ್ಸನ್ನು ಮೆತ್ತಗೆ ಮಾಡು. ನಮ್ಮ ಮನಸ್ಸೂ ಮೆತ್ತಗಾಗಲಿ ಎಂದು ಯಾರಾದರೂ ಬೇಡಿದ್ದನ್ನು ನಾನು ಕೇಳಿದ್ದು ಕಡಿಮೆ. ಅಪೊಸ್ತಲರ ಕೃತ್ಯಗಳ ಹತ್ತನೆಯ ಅಧ್ಯಾಯವನ್ನು ಈ ಕಣ್ಣಿನಿಂದ ಒಮ್ಮೆ ಓದಿ ನೋಡಿ. ಕೈಸರೈಯದಲ್ಲಿ ರೋಮನ್ ಶತಾಧಿಪತಿ ಕೊರ್ನೇಲ್ಯ. ಮಧ್ಯಾಹ್ನ ಮೂರರ ಹೊತ್ತಿಗೆ ಅವನ ಬಳಿಗೆ ದೇವದೂತ ಬರುತ್ತಾನೆ. ನಿನ್ನ ಪ್ರಾರ್ಥನೆ ಮುಟ್ಟಿದೆ ಎಂಬ ಸುದ್ದಿ ಮೊದಲು ಸಿಕ್ಕಿದ್ದು ಈ ಹೊರಗಿನವನಿಗೆ. ಪೇತ್ರ ಇಳಿದುಕೊಂಡಿರುವ ಮನೆ ಯಾವುದು, ಅದು ಯೊಪ್ಪದ ಸಮುದ್ರದ ಬದಿಯಲ್ಲಿ ಚರ್ಮ ಹದಮಾಡುವ ಸೀಮೋನನದು ಎಂಬಷ್ಟು ಸ್ಪಷ್ಟ ವಿಳಾಸವೂ ಅವನ ಕೈಸೇರುತ್ತದೆ. ಮಾರನೆಯ ದಿನ ಪೇತ್ರ ಮಾಳಿಗೆ ಹತ್ತಿ ಪ್ರಾರ್ಥನೆಗೆ ಕೂತಿದ್ದಾನೆ. ಹಸಿವಾಗಿದೆ, ಕೆಳಗೆ ಅಡಿಗೆ ನಡೆಯುತ್ತಿದೆ. ದೇವರು ಶುದ್ಧಮಾಡಿದ್ದನ್ನು ಅಶುದ್ಧ ಎನ್ನಬೇಡ ಎಂದು ಆಗ ಕಂಡ ದರ್ಶನ ಅವನಿಗೆ ಒಂದು ಸಲಕ್ಕೆ ಇಳಿಯಲಿಲ್ಲ, ಮೂರು ಸಲ ಬೇಕಾಯಿತು. ಕೊರ್ನೇಲ್ಯನ ಮನೆಯೊಳಗೆ ಕಾಲಿಟ್ಟ ಮೇಲೂ ಪೇತ್ರ ಉಪದೇಶಕ್ಕೆ ತೊಡಗುವುದಿಲ್ಲ. ನನ್ನನ್ನು ಯಾಕೆ ಕರೆಸಿದಿರಿ ಎಂದು ಕೇಳುತ್ತಾನೆ. ಆ ಮನೆಯಲ್ಲಿ ಕೊರ್ನೇಲ್ಯ ಬದಲಾಗುವುದಕ್ಕೆ ಮುಂಚೆ ಪೇತ್ರನೇ ಬದಲಾಗಬೇಕಾಯಿತು.

ಯೆರೂಸಲೇಮಿಗೆ ಹಿಂತಿರುಗಿದಾಗ ನಮ್ಮವರೇ ಅವನನ್ನು ತರಾಟೆಗೆ ತೆಗೆದುಕೊಂಡರು. ಅವರ ತಕರಾರು ಅವನು ಬೋಧಿಸಿದ್ದರ ಬಗ್ಗೆ ಅಲ್ಲ, ಅನ್ಯರ ಮನೆಯಲ್ಲಿ ಉಂಡಿದ್ದರ ಬಗ್ಗೆ. ಆ ತಕರಾರು ಇನ್ನೂ ಮುಗಿದಿಲ್ಲ. ಗಣೇಶನ ಹಬ್ಬದ ದಿನ ಪಕ್ಕದ ಮನೆಯಾಕೆ ತಟ್ಟೆ ತುಂಬ ಕಡುಬು ತಂದು ಬಾಗಿಲಲ್ಲಿ ನಿಂತಿರುತ್ತಾರೆ. ಕ್ರಿಸ್‌ಮಸ್‌ಗೆ ನಮ್ಮ ಕುಸ್ವಾರ್ ತಿಂದು ಅದೇ ತಟ್ಟೆಯಲ್ಲಿ ಸಕ್ಕರೆ ಹಾಕಿ ಕಳಿಸಿದವರು ಅವರು. ತೆಗೆದುಕೊಳ್ಳಬೇಕೇ, ಬೇಡವೇ ಎಂದು ಒಳಗೆ ಪಿಸುಗುಟ್ಟುವಿಕೆ. ಕೊರಿಂಥದವರಿಗೆ ಪೌಲ ಈ ಕುರಿತು ಉದ್ದಕ್ಕೆ ಬರೆದಿದ್ದಾನೆ, ಆದರೆ ಎಲ್ಲರಿಗೂ ಒಂದೇ ಅಳತೆಯ ನಿಯಮ ಕೊಟ್ಟಿಲ್ಲ. ನನ್ನ ಅಭಿಪ್ರಾಯ ಇಷ್ಟು. ನಿಮ್ಮ ಮನಸ್ಸಾಕ್ಷಿ ಏನೇ ಹೇಳಲಿ, ಆಕೆಯನ್ನು ಹೊಸ್ತಿಲಲ್ಲಿ ನಿಲ್ಲಿಸಿ ದೈವಶಾಸ್ತ್ರ ಬಿಚ್ಚಬೇಡಿ. ಒಳಗೆ ಕರೆಯಿರಿ, ಕೂರಿಸಿ, ಮಗಳ ಪರೀಕ್ಷೆ ಹೇಗಾಯಿತು ಕೇಳಿ. ದೇವರ ನಡೆಸುವಿಕೆ ಬೇಕಾಗುವುದು ಇಂಥ ನಿಮಿಷಕ್ಕೇ.

ಇನ್ನೊಂದು ವಿಷಯವನ್ನು ನಾವು ಸಾಮಾನ್ಯವಾಗಿ ದಾಟಿ ಹೋಗುತ್ತೇವೆ. ಆಸ್ಯ ಸೀಮೆಯಲ್ಲಿ ಸುವಾರ್ತೆ ಹೇಳದಂತೆ ಪೌಲನನ್ನು ತಡೆದದ್ದು ಯಾವ ಸರ್ಕಾರವೂ ಅಲ್ಲ, ಪವಿತ್ರಾತ್ಮನೇ. ಬಿಥೂನ್ಯಕ್ಕೂ ಬಿಡಲಿಲ್ಲ. ಹಾಗಾಗಿ ಅವನು ತ್ರೋವದ ತನಕ ಇಳಿದು ಬಂದ. ಬಾಯಿ ಮುಚ್ಚು ಎಂಬುದೂ ನಡೆಸುವಿಕೆಯೇ ಆಗಬಹುದು. ತೀವ್ರ ನಿಗಾ ಘಟಕದ ಹೊರಗೆ ಬೆಂಚಿನ ಮೇಲೆ ತಲೆ ಬಗ್ಗಿಸಿ ಕೂತವನ ಕೈಗೆ ಕರಪತ್ರ ತುರುಕುವವರನ್ನು ನಾನು ಕಂಡಿದ್ದೇನೆ. ಅದನ್ನು ಸಾಕ್ಷಿ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಅವನಿಗೆ ಬೇಕಿದ್ದದ್ದು ಒಂದು ಲೋಟ ಕಾಫಿ, ರಕ್ತ ಕೊಡುವ ಒಬ್ಬ ಮನುಷ್ಯ.

ಕಾನೂನಿನ ಮಾತು ಇಲ್ಲಿ ಬಂದೇ ಬರುತ್ತದೆ. ನಂಬಿಕೆಯನ್ನು ಪ್ರಚಾರ ಮಾಡುವ ಹಕ್ಕನ್ನು ಸಂವಿಧಾನದ 25ನೆಯ ವಿಧಿ ಕೊಟ್ಟಿದೆ. ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2022ರಲ್ಲಿ ನಮ್ಮ ರಾಜ್ಯವೂ ಮತಾಂತರದ ಮೇಲೆ ಕಾಯಿದೆ ತಂದಿತು. ಅದರ ಹೆಸರಿನಲ್ಲಿ ನೆರೆಹೊರೆಯಲ್ಲಿ ಹುಟ್ಟಿದ ಅನುಮಾನ, ಪ್ರಾರ್ಥನಾ ಮನೆಗಳ ಮುಂದೆ ನಡೆದ ಗದ್ದಲ ನಿಮಗೆ ಗೊತ್ತೇ ಇದೆ. ಈ ನೋವನ್ನು ನಾನು ಸಣ್ಣದು ಮಾಡುವುದಿಲ್ಲ. ನ್ಯಾಯಾಲಯದ ವಾದ ವಕೀಲರಿಗಿರಲಿ. ಆದರೆ ಮನುಷ್ಯನ ಒಳಗನ್ನು ತಿರುಗಿಸುವುದು ನಮ್ಮ ಕೈಲಿದೆ ಎಂದು ನಮ್ಮ ಯಾವ ಬೋಧನೆಯೂ ಹೇಳುವುದಿಲ್ಲ. ಅದು ಪವಿತ್ರಾತ್ಮನ ಕೆಲಸ. ತಲೆ ಎಣಿಸುವ ಆತುರ ನಮಗೆ ಎಲ್ಲಿಂದ ಬಂತೋ ತಿಳಿಯದು.

ಹಾಗಂತ ನಾನು ಮೌನಕ್ಕೆ ವಕಾಲತ್ತು ವಹಿಸುತ್ತಿಲ್ಲ. ಬೆಂಗಳೂರಿನ ಕಚೇರಿಗಳಲ್ಲಿ ದುಡಿಯುವ ನಮ್ಮ ಹುಡುಗ ಹುಡುಗಿಯರನ್ನು ಸಹೋದ್ಯೋಗಿಗಳು ಚಹಾ ಹೊತ್ತಿನಲ್ಲಿ ಕೇಳುತ್ತಾರೆ, ನೀವು ಶುಭ ಶುಕ್ರವಾರವನ್ನು ಯಾಕೆ ಶುಭ ಅಂತೀರಿ? ನಗೆಯಾಡಿ ತೇಲಿಸಿಬಿಡುವುದೇ ಹೆಚ್ಚು. ಕೇಳಿದವರಿಗೆ ಸಾತ್ವಿಕತೆಯಿಂದ ಉತ್ತರ ಕೊಡಲು ಸಿದ್ಧವಾಗಿರಬೇಕೆಂದು ಪೇತ್ರನ ಪತ್ರ ಹೇಳುತ್ತದೆ. ಉತ್ತರಕ್ಕೆ ಮೊದಲು ನೆಹೆಮೀಯನನ್ನು ನೆನೆಯಿರಿ. ಅರಸನ ಪ್ರಶ್ನೆಗೂ ತನ್ನ ಉತ್ತರಕ್ಕೂ ನಡುವೆ, ಒಂದು ಉಸಿರಿನ ಅಂತರದಲ್ಲಿ, ಅವನು ದೇವರಿಗೆ ಮೊರೆಯಿಟ್ಟ. ಆ ಚಿಕ್ಕ ಪ್ರಾರ್ಥನೆಗೆ ಕಿಸ್ಲೇವ್ ತಿಂಗಳಿಂದ ನೀಸಾನಿನ ತನಕದ ಉಪವಾಸ, ಕಣ್ಣೀರಿನ ಬುನಾದಿಯಿತ್ತು. ಯೆರೂಸಲೇಮನ್ನು ಮತ್ತೆ ಕಟ್ಟಲು ಎಷ್ಟು ದಿನ ಬೇಕು, ಮರ ಯಾರಿಂದ ಬರಬೇಕು ಎಂಬ ಲೆಕ್ಕವೂ ತಲೆಯಲ್ಲಿತ್ತು. ಪ್ರಾರ್ಥನೆಯ ಹೆಸರಿನಲ್ಲಿ ಅವನು ಸಿದ್ಧತೆಯನ್ನು ತಪ್ಪಿಸಿಕೊಳ್ಳಲಿಲ್ಲ.

ನಮ್ಮಲ್ಲೂ ಅಂಥವರು ಇದ್ದರು. 1836ರಲ್ಲಿ ಮಂಗಳೂರಿಗೆ ಬಂದ ಹರ್ಮನ್ ಮೊಗ್ಲಿಂಗ್ ಪತ್ರಿಕೆ ಶುರುಮಾಡಿದ್ದನ್ನು ಎಲ್ಲರೂ ಹೇಳುತ್ತಾರೆ. 'ಬಿಬ್ಲಿಯೊಥೆಕಾ ಕರ್ನಾಟಿಕಾ' ಮಾಲೆಯಲ್ಲಿ ಅವರು ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಅಚ್ಚು ಹಾಕಿಸಿದ್ದನ್ನು ನಮ್ಮ ಸಭೆಗಳಲ್ಲಿ ಹೇಳುವವರು ಕಡಿಮೆ. ಸುವಾರ್ತೆಗೆಂದು ಬಂದ ಪಾದ್ರಿ ವೀರಶೈವರ, ವೈಷ್ಣವರ ಗ್ರಂಥಗಳಿಗೆ ತಮ್ಮ ಕಣ್ಣು, ಹೊತ್ತು ಕೊಟ್ಟರು. 1853ರಲ್ಲಿ ಬಂದ ಕಿಟ್ಟೆಲ್ ಕ್ರಿಸ್ತನ ಕಥೆಯನ್ನು 'ಕಥಾಮಾಲೆ'ಯಲ್ಲಿ ಕನ್ನಡದ ಛಂದಸ್ಸಿಗೆ ಇಳಿಸಿದರು. ಆಮೇಲೆ ಕೇಶಿರಾಜ, ನಾಗವರ್ಮರ ಗ್ರಂಥಗಳನ್ನು ಸಂಪಾದಿಸಿದರು. ನಿಘಂಟು ಹೊರಬಂದದ್ದು 1894ರಲ್ಲಿ, ಗಾದೆಗಳ ಸಮೇತ. ಇವರೆಲ್ಲ ಉದಾರಿಗಳೇ ಆಗಿದ್ದರೆಂದು ಹೇಳಲಾರೆ. ಆ ಕಾಲದ ಮಿಷನ್ ಕರಪತ್ರಗಳಲ್ಲಿ ನೆರೆಯವರ ದೇವರುಗಳ ಮೇಲೆ ಕಹಿ ಮಾತುಗಳಿವೆ. ಆ ಕರಪತ್ರಗಳನ್ನು ಇಂದು ಯಾರು ಹುಡುಕಿ ಓದುತ್ತಾರೆ? ನಿಘಂಟು ಮಾತ್ರ ಮಠದ ಗ್ರಂಥಾಲಯದಲ್ಲೂ ಇದೆ.

ಕಹಿ ಮಾತಿನ ಚಟ ಈಗ ಮೊಬೈಲಿಗೆ ಬಂದಿದೆ. ಅನ್ಯರ ಪೂಜೆಯನ್ನು ಅಣಕಿಸುವ ವಿಡಿಯೊವನ್ನು ಸಭೆಯ ವಾಟ್ಸ್ಆ್ಯಪ್ ಗುಂಪಿಗೆ ತಳ್ಳಿ, ಕೆಳಗೆ ಹಲ್ಲೆಲೂಯ ಬರೆಯುವವರು ನಮ್ಮಲ್ಲಿದ್ದಾರೆ. ಪೌಲ ಎಫೆಸದಲ್ಲಿ ಎರಡು ವರ್ಷಕ್ಕೂ ಮೇಲೆ ಬೋಧಿಸಿದ. ಗಲಭೆ ಎದ್ದಾಗ ಆ ಊರಿನ ಕರಣಿಕನೇ ಜನರ ಮುಂದೆ ನಿಂತು, ಈ ಮನುಷ್ಯರು ನಮ್ಮ ದೇವಿಯನ್ನು ದೂಷಿಸಿದವರಲ್ಲ ಎಂದ. ನಮ್ಮೂರಿನ ಪಂಚಾಯಿತಿ ಕಾರ್ಯದರ್ಶಿ ನಮ್ಮ ಬಗ್ಗೆ ಈ ಮಾತು ಹೇಳಬಲ್ಲರೇ? ಮಿಷನರಿ ಸ್ಟ್ಯಾನ್ಲಿ ಜೋನ್ಸ್ ತಮ್ಮ ದುಂಡುಮೇಜಿನ ಕೂಟಗಳಲ್ಲಿ ವಾದವನ್ನು ಬದಿಗಿಟ್ಟು, ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ತಂತಮ್ಮ ಬಾಳಿನಲ್ಲಿ ಕಂಡದ್ದನ್ನಷ್ಟೇ ಹೇಳುವಂತೆ ಕೇಳುತ್ತಿದ್ದರು. ಆ ಕೂಟಗಳ ಕುರಿತ ಅವರ ಪುಸ್ತಕ 1928ರಲ್ಲೇ ಬಂದಿದೆ. ಜಿಲ್ಲೆಗೊಂದು ಕಡೆಯಾದರೂ ಅಂಥ ಕೂಟ ನಡೆಸಲು ನಮಗೆ ಅಡ್ಡಿಯೇನು?

ನಾಳೆ ಬೆಳಿಗ್ಗೆ ಹೊಸ ಕರಪತ್ರಗಳ ಮುದ್ರಣಕ್ಕೆ ಹಣ ಮಂಜೂರು ಮಾಡುವ ಗೊತ್ತುವಳಿ ನಿಮ್ಮ ಮುಂದೆ ಬರಲಿದೆ. ನನ್ನ ವಿರೋಧವಿಲ್ಲ. ಆದರೆ ಆ ಹಣದಲ್ಲಿ ಅರ್ಧವನ್ನು ತೆಗೆದಿಟ್ಟು, ಪ್ರತಿ ಸಭೆಯ ಪುಸ್ತಕದ ಕಪಾಟಿಗೆ ವಚನಗಳ ಒಂದು ಸಂಪುಟ, ದಾಸರ ಪದಗಳ ಒಂದು ಸಂಕಲನ, ಕುರ್‌ಆನಿನ ಒಂದು ಕನ್ನಡ ಅನುವಾದ ಕೊಡಿಸಬೇಕೆಂದು ಯಾರಾದರೂ ತಿದ್ದುಪಡಿ ಮಂಡಿಸಿರಿ. ಪೀಠದಲ್ಲಿರುವುದರಿಂದ ನಾನು ಮಂಡಿಸುವಂತಿಲ್ಲ. ಮತ ಸಮಸಮ ಬಿದ್ದರೆ ನನ್ನ ಮತ ಯಾವ ಕಡೆಗೆಂದು ಈಗಲೇ ತಿಳಿಸಿದ್ದೇನೆ.