ಬಿಟ್ಟ ಯೋಗಾಭ್ಯಾಸಕ್ಕೆ ಮರಳುವ ಬಗೆ

(ವಾರ್ಷಿಕೋತ್ಸವದ ಅಂಗವಾಗಿ ಸೊಲ್ಲಾಪುರದಲ್ಲಿ ಮಾಡಿದ ಭಾಷಣ)



ಸಿದ್ಧರಾಮೇಶ್ವರನ ಈ ಸೊನ್ನಲಿಗೆಯಲ್ಲಿ ಯೋಗವೆಂಬ ಮಾತಿಗೆ ಪರಿಚಯ ಬೇಕಾಗಿಲ್ಲ. ಆದರೆ ಆ ಶಿವಯೋಗಿಯ ಸಾಧನೆಯ ಎತ್ತರವೇ ಬೇರೆ. ನಾವಿಂದು ಹೇಳಹೊರಟಿರುವುದು ನಡುಮನೆಯಲ್ಲಿ ಒಂದು ಚಾದರವನ್ನು ಹಾಸಿಕೊಂಡು ಮಾಡುವ ಆಸನಾಭ್ಯಾಸದ ವಿಷಯ. ಅದರಲ್ಲಿಯೂ ಹೊಸದಾಗಿ ಕಲಿಯುವವರನ್ನು ಕುರಿತು ಈ ಮಾತಲ್ಲ. ಒಮ್ಮೆ ಕಲಿತು, ನಾಲ್ಕಾರು ವರ್ಷ ನಡೆಸಿ, ಯಾವುದೋ ಕಾರಣದಿಂದ ಬಿಟ್ಟು, ಈಗ ಮತ್ತೆ ತೊಡಗಬೇಕೆಂದು ಹವಣಿಸುತ್ತಿರುವವರನ್ನು ಉದ್ದೇಶಿಸಿ ನಾವು ಮಾತನಾಡುತ್ತಿರುವೆವು.

ಅಂಥವರು ನಮ್ಮಲ್ಲಿ ಬಹುಮಂದಿ. ಶಾಲೆಯ ಅಂಗಳದಲ್ಲಿ ಸಾಲುನಿಂತು ಸೂರ್ಯನಮಸ್ಕಾರ ಹಾಕಿದ ನೆನಪು ಇಲ್ಲಿರುವ ಹಿರಿಯರಲ್ಲಿ ಹಲವರಿಗೆ ಇದ್ದೇ ಇರಬೇಕು. ಔಂಧ ಸಂಸ್ಥಾನದ ಅರಸರಾಗಿದ್ದ ಭವಾನರಾವ್ ಪಂತ ಪ್ರತಿನಿಧಿಯವರು (1868-1951) ತಮ್ಮ ಶಾಲೆಗಳಲ್ಲಿ ಆ ವ್ಯಾಯಾಮವನ್ನು ರೂಢಿಗೆ ತಂದುದು ನಮ್ಮ ಸೀಮೆಗೆ ದೂರದ ಸಂಗತಿಯಲ್ಲ. ಜತ್ತದ ಕಡೆಯವರು ಬಲ್ಲ ಆಟಪಾಡಿ ಅವರ ಸಂಸ್ಥಾನಕ್ಕೆ ಸೇರಿದ್ದಿತು. ಈಚಿನ ಮಾತಾದರೆ, 2020ರ ಲಾಕ್‌ಡೌನಿನಲ್ಲಿ ಬಾಗಿಲು ಹಾಕಿಕೊಂಡು ಕುಳಿತಾಗ ಎಷ್ಟೋ ಮನೆಗಳಲ್ಲಿ ಮೊಬೈಲನ್ನು ಮುಂದಿಟ್ಟುಕೊಂಡು ಆಸನಗಳನ್ನು ಮಾಡಿದರು. ಬಾಗಿಲು ತೆರೆದ ಮೇಲೆ ಅಭ್ಯಾಸ ಹಿಂದೆ ಬಿತ್ತು. ಇನ್ನು ಹೆರಿಗೆಯಿಂದ ಬಿಟ್ಟವರು, ಗಿರಣಿಯ ರಾತ್ರಿಪಾಳಿಯಿಂದ ಬಿಟ್ಟವರು, ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದುದರಿಂದ ಬಿಟ್ಟವರು ಉಂಟು. ಇವರಲ್ಲಿ ಯಾರನ್ನೂ ಸೋಮಾರಿಗಳೆಂದು ನಾವು ಹೇಳಲಾರೆವು.

ಮರಳುವ ದಿನ ಮಾತ್ರ ಇವರೆಲ್ಲರೂ ಒಂದೇ ಬಗೆಯಾಗಿ ನಡೆದುಕೊಳ್ಳುವರು. 2015ರಿಂದೀಚೆಗೆ ಪ್ರತಿವರ್ಷ ಜೂನ್ 21ರಂದು ಯೋಗದಿನ ನಡೆಯುತ್ತಿದೆಯಷ್ಟೆ. ಅಂದು ಮೈದಾನಕ್ಕೆ ಹೋಗಿ, ಹತ್ತು ವರ್ಷ ಹಿಂದೆ ಹೇಗೆ ಬಾಗಿದ್ದರೋ ಹಾಗೆಯೇ ಬಾಗಲು ನೋಡುವರು. ಮರುದಿನ ಸೊಂಟ ಹಿಡಿಯುವುದು. ಎಂಟು ದಿನ ಎಣ್ಣೆ ತಿಕ್ಕಿಸಿಕೊಳ್ಳುವರು. ಬಳಿಕ ‘ನಮಗೆ ಯೋಗ ಒಗ್ಗುವುದಿಲ್ಲ’ ಎಂದು ತೀರ್ಮಾನಿಸಿ ಜೀವಮಾನಪರ್ಯಂತ ಕೈಬಿಡುವರು. ನಾವು ಚಿಂತಿಸಬೇಕಾದುದು ಈ ಎರಡನೆಯ ಬಿಡುವನ್ನು. ಮೊದಲನೆಯದಕ್ಕೆ ಸಂಸಾರ ಕಾರಣ; ಎರಡನೆಯದಕ್ಕೆ ಕಾರಣ ಅವಸರ. ಅರುವತ್ತು ಎಪ್ಪತ್ತರ ವಯಸ್ಸಿನಲ್ಲಿ ನೆಲದ ಮೇಲೆ ಕುಳಿತು ಉಣ್ಣುವ, ಯಾರ ಕೈಯನ್ನೂ ಹಿಡಿಯದೆ ಏಳುವ ಶಕ್ತಿಯನ್ನು ಉಳಿಸಿಕೊಳ್ಳಬಹುದಾಗಿದ್ದವರು ಒಂದು ದಿನದ ಹುರುಪಿನಿಂದ ಅದನ್ನು ಕಳೆದುಕೊಳ್ಳುವುದು ಸಣ್ಣ ನಷ್ಟವಲ್ಲ.

ಹೊಸಬರಿಗಿಂತ ಮರಳಿದವರಿಗೆ ಅಪಾಯ ಹೆಚ್ಚೇಕೆ? ಹೊಸಬರಿಗೆ ಅಂಜಿಕೆಯಿರುವುದು, ಮರಳಿದವರಿಗೆ ಅದಿಲ್ಲ. ಆಸನದ ಆಕಾರ ಮನಸ್ಸಿನಲ್ಲಿ ಅಚ್ಚೊತ್ತಿದ ಹಾಗೆ ಉಳಿದಿರುವುದು. ಕೀಲುಗಳು ಮಾತ್ರ ಅದನ್ನು ಮರೆತಿರುವುವು. ಇನ್ನೊಂದು ಸಂಗತಿಯೂ ಉಂಟು. ಸ್ನಾಯುಗಳು ಕೆಲವೇ ವಾರಗಳ ಅಭ್ಯಾಸದಿಂದ ಚೇತರಿಸಿಕೊಳ್ಳುವುವು. ಆದರೆ ಸ್ನಾಯುವನ್ನು ಎಲುಬಿಗೆ ಬಿಗಿಯುವ, ಎಲುಬನ್ನು ಎಲುಬಿಗೆ ಕಟ್ಟುವ ಹುರಿಗಳಿಗೆ ರಕ್ತದ ಹರಿವು ಕಡಿಮೆಯಾದುದರಿಂದ, ಅವು ಬಲಗೊಳ್ಳಲು ತಿಂಗಳುಗಳೇ ಬೇಕು. ಹೀಗಾಗಿ ಮೂರನೆಯ ನಾಲ್ಕನೆಯ ವಾರದಲ್ಲಿ ‘ಮೈ ಹಗುರವಾಯಿತು, ಇನ್ನು ಹಿಂದಿನಂತೆ ಮಾಡಬಹುದು’ ಎಂದು ತೋರುವುದಲ್ಲ, ಅದೇ ಎಚ್ಚರದಿಂದ ಇರಬೇಕಾದ ಕಾಲ.

ಪತಂಜಲಿ ಮಹರ್ಷಿಗಳು ಯೋಗದ ಅಂತರಾಯಗಳನ್ನು ಒಂಬತ್ತಾಗಿ ಎಣಿಸಿರುವರು. ವ್ಯಾಧಿಯಿಂದ ತೊಡಗಿದ ಆ ಎಣಿಕೆಯಲ್ಲಿ ಕಡೆಯದು ಅನವಸ್ಥಿತತ್ವ. ಅಂದರೆ ಏರಿದ ಮೆಟ್ಟಿಲಿನಲ್ಲಿ ನಿಲ್ಲಲಾಗದೆ ಕೆಳಗಿಳಿಯುವುದು. ಮೆಟ್ಟಿಲಿಳಿಯುವುದು ಸಾಧಕರಿಗೆಲ್ಲ ಆಗುವ ತೊಡಕೆಂದು ಅಷ್ಟು ಹಿಂದೆಯೇ ಅರಿತಿದ್ದರೆಂಬುದು ನಮಗೆ ಸಮಾಧಾನದ ಸಂಗತಿ. ಇಳಿದವರು ಇಳಿದ ಮೆಟ್ಟಿಲಿನಿಂದಲೇ ಮತ್ತೆ ಹತ್ತಬೇಕು.

ಇದಕ್ಕೆ ದೊಡ್ಡವರೊಬ್ಬರ ನಿದರ್ಶನವುಂಟು. ಚಿತ್ರದುರ್ಗ ಜಿಲ್ಲೆಯಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನಲ್ಲಿ ಯೋಗಶಾಲೆಯನ್ನು ನಡೆಸಿದರು. 1934ರಲ್ಲಿ ‘ಯೋಗಮಕರಂದ’ವೆಂಬ ಗ್ರಂಥವನ್ನು ಕನ್ನಡದಲ್ಲಿ ಬರೆದರು. ಅವರ ಶಿಷ್ಯರಾದ ಬಿ. ಕೆ. ಎಸ್. ಅಯ್ಯಂಗಾರ್ಯರು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿ, 1937ರಲ್ಲಿ ಪುಣೆಗೆ ಬಂದು, 2014ರಲ್ಲಿ ಕಾಲವಾಗುವವರೆಗೂ ಅಲ್ಲಿಯೇ ನೆಲೆಸಿದರು. (ಅವರು ಗಡಿಯನ್ನು ದಾಟಿ ಈ ರಾಜ್ಯಕ್ಕೆ ಬಂದವರು, ನಮ್ಮನ್ನಾದರೋ ಗಡಿಯೇ ದಾಟಿಹೋಗಿದೆ!) ಅರುವತ್ತರ ಹರೆಯದಲ್ಲಿ, 1979ರಲ್ಲಿ, ಸ್ಕೂಟರ್ ಅಪಘಾತದಿಂದ ಅವರ ಬೆನ್ನಿಗೂ ಭುಜಕ್ಕೂ ಮೊಣಕಾಲಿಗೂ ಪೆಟ್ಟಾಯಿತು. ಲೋಕಕ್ಕೆ ಆಸನಗಳನ್ನು ಕಲಿಸಿದವರಿಗೇ ಸುಲಭದ ಆಸನಗಳೂ ಬಾರದಾದುವು. ಅವರು ಮೊದಲ ಪಾಠದಿಂದ ಆರಂಭಿಸಿ, ಹಲವು ವರ್ಷಗಳ ಅಭ್ಯಾಸದಿಂದ ಮತ್ತೆ ಮೇಲಕ್ಕೆ ಬಂದರು. ಕುರ್ಚಿ, ಹಗ್ಗ, ಮರದ ತುಂಡು, ಮಡಿಸಿದ ಕಂಬಳಿ ಮೊದಲಾದ ಆಸರೆಗಳನ್ನು ಬಳಸುವುದು ಅವರ ಪದ್ಧತಿಯ ಹೆಗ್ಗುರುತು. ಆಸರೆಯನ್ನು ಹಿಡಿಯುವುದು ಕೀಳೆಂದು ತಿಳಿಯುವವರು ಇದನ್ನು ಮನಸ್ಸಿಗೆ ತಂದುಕೊಳ್ಳಲಿ.

ಅವರು ಪಟ್ಟುಹಿಡಿದು ಕಲಿಸಿದುದು ಅಂಗವಿನ್ಯಾಸವನ್ನು. ಎಂದರೆ ಆಸನದಲ್ಲಿ ಯಾವ ಅಂಗ ಎಲ್ಲಿರಬೇಕೋ ಅಲ್ಲಿರುವುದನ್ನು. ನೇಕಾರರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಬಹುಕಾಲ ನಿಂತ ಮಗ್ಗವನ್ನು ಮತ್ತೆ ನಡೆಸಬೇಕಾದಾಗ ಯಾವ ನೇಕಾರನೂ ಬಂದ ಕೂಡಲೆ ಲಾಳಿಯನ್ನು ಓಡಿಸುವುದಿಲ್ಲ. ಹಾಸಿನ ಎಳೆಗಳನ್ನು ನೋಡಿ, ಹರಿದುದಕ್ಕೆ ಗಂಟುಹಾಕಿ, ಬಿಗಿ ಎಲ್ಲ ಕಡೆಗೂ ಸಮನಾಗಿದೆಯೇ ಎಂದು ಕೈಯಾಡಿಸಿ ತಿಳಿದುಕೊಳ್ಳುತ್ತಾನೆ. ಮೈಗೂ ಅಷ್ಟು ಮರ್ಯಾದೆ ಸಲ್ಲಬೇಡವೇ?

ಆದುದರಿಂದ ಮೊದಲ ವಾರವೆಲ್ಲ ನಿಲ್ಲುವುದನ್ನೇ ಕಲಿಯಿರಿ ಎಂದರೆ ತಾವು ನಗಬಾರದು. ತಾಡಾಸನವೆಂದರೆ ಸುಮ್ಮನೆ ನಿಲ್ಲುವುದಲ್ಲ. ಹಿಮ್ಮಡಿ, ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ, ಈ ಮೂರರ ಮೇಲೆಯೂ ಭಾರ ಸಮನಾಗಿ ಬಿದ್ದಿದೆಯೇ ಎಂದು ನೋಡಬೇಕು. ತಮ್ಮ ಹಳೆಯ ಚಪ್ಪಲಿಯನ್ನು ತಿರುವಿ ನೋಡಿದರೆ, ಯಾವ ಅಂಚು ಸವೆದಿದೆಯೋ ಆ ಕಡೆಗೆ ಭಾರ ಹಾಕಿ ಇಷ್ಟು ವರ್ಷ ನಡೆದಿರುವಿರೆಂದು ತಿಳಿಯುವುದು. ಮಗ್ಗದ ಮುಂದೆ ಒಂದೇ ಕಾಲಿನ ಮೇಲೆ ಒರಗಿ ದಿನವೆಲ್ಲ ನಿಲ್ಲುವವರು, ಮಗುವನ್ನು ಯಾವಾಗಲೂ ಎಡಸೊಂಟದ ಮೇಲೆಯೇ ಹೊತ್ತ ತಾಯಂದಿರು, ತಾವು ನೆಟ್ಟಗೆ ನಿಂತಿರುವೆವೆಂದು ನಂಬಿಯೇ ವಾಲಿ ನಿಂತಿರುವರು. ಅದನ್ನು ತೋರಿಸಿಕೊಡಲು ಮನೆಯಲ್ಲಿ ಗುರುವಿಲ್ಲದಿದ್ದರೂ ಗೋಡೆಯಿದೆ. ಹಿಮ್ಮಡಿ, ಪೃಷ್ಠ, ಭುಜದ ಹಲಗೆ ಇವುಗಳನ್ನು ಗೋಡೆಗೆ ತಾಗಿಸಿ ನಿಂತರೆ, ಯಾವುದು ಮೊದಲು ತಾಗಿತು, ಯಾವುದು ತಾಗಲೊಲ್ಲದು ಎಂಬುದು ಗೊತ್ತಾಗುವುದು. ತ್ರಿಕೋಣಾಸನವನ್ನೂ ಗೋಡೆಗೆ ಬೆನ್ನು ಕೊಟ್ಟೇ ಮಾಡಬಹುದು. ಕೈ ನೆಲವನ್ನು ಮುಟ್ಟಲೇಬೇಕೆಂಬ ಹಟ ಬೇಡ. ಮಣೆಯನ್ನೋ ಇಟ್ಟಿಗೆಯನ್ನೋ ನಿಲ್ಲಿಸಿ ಅದರ ಮೇಲೆ ಅಂಗೈಯನ್ನೂರಿದರೆ ಎದೆ ತೆರೆದುಕೊಳ್ಳುವುದು. ಕಾಲನ್ನು ಮಡಿಸಿ ನಿಲ್ಲುವ ವೀರಭದ್ರಾಸನದಲ್ಲಿ ಮಂಡಿ ಪಾದದ ನಡುಬೆರಳಿನ ಕಡೆಗೆ ನೋಡುತ್ತಿರಬೇಕು, ಹಿಮ್ಮಡಿಯ ನೇರಕ್ಕೆ ಮೇಲಿರಬೇಕು. ಒಳಕ್ಕೆ ವಾಲಿದರೆ ಮಂಡಿಗೆ ಕೇಡು.

ಮುಂದಕ್ಕೆ ಬಾಗುವ ವಿಷಯವನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಸೊಂಟ ಹಿಡಿಯುವುದು ಬಹುಮಟ್ಟಿಗೆ ಇಲ್ಲಿಯೇ. ಪಶ್ಚಿಮೋತ್ತಾನಾಸನದಲ್ಲಿ ಹಣೆ ಮೊಣಕಾಲಿಗೆ ತಾಗುವುದೇ ಗುರಿಯೆಂದು ಎಷ್ಟೋ ಮಂದಿ ಭಾವಿಸಿರುವರು. ಬಾಗಿಲು ಹೇಗೆ ತನ್ನ ತಿರುಗಣಿಯಲ್ಲಿ ತಿರುಗುವುದೋ ಹಾಗೆ ಮೈ ಬಾಗಬೇಕಾದುದು ತೊಡೆಯ ಬುಡದ ಕೀಲಿನಲ್ಲಿ. ವರ್ಷಗಟ್ಟಲೆ ಕುರ್ಚಿಯಲ್ಲಿ ಕುಳಿತವರಿಗೆ ತೊಡೆಯ ಹಿಂಭಾಗದ ಸ್ನಾಯುಗಳು ಮೊಟಕಾಗಿ ಆ ಕೀಲು ತಿರುಗದಂತೆ ಹಿಡಿದಿರುವುವು. ಆಗ ಹಟದಿಂದ ಬಗ್ಗಿದರೆ ಬೆನ್ನು ಬಿಲ್ಲಾಗಿ, ಸೊಂಟದ ಎಲುಬುಗಳ ನಡುವಣ ಮೆತ್ತೆಗಳ ಮೇಲೆ ಒತ್ತಡ ಬೀಳುವುದು. ಈ ಮೆತ್ತೆಗಳು ರಾತ್ರಿ ಮಲಗಿದ್ದಾಗ ನೀರನ್ನು ಹೀರಿ ಉಬ್ಬುವುದರಿಂದ, ನಿದ್ದೆಯಿಂದೆದ್ದ ಕೂಡಲೆ ಬಾಗುವುದು ಮತ್ತಷ್ಟು ಅಪಾಯಕರ. ಎದ್ದು ಒಂದು ತಾಸು ಓಡಾಡಿ ಕೆಲಸ ಮಾಡಿದ ಮೇಲೆಯೋ, ಸಂಜೆಯೋ ಮಾಡುವುದು ಲೇಸು. ಊಟವಾಗಿ ಮೂರು ನಾಲ್ಕು ತಾಸು ಕಳೆದಿರಬೇಕು. ನಮ್ಮೂರಿನ ಚಾದರವನ್ನು ನಾಲ್ಕು ಬೆರಳೆತ್ತರಕ್ಕೆ ಮಡಿಸಿ ಅದರಂಚಿನ ಮೇಲೆ ಕುಳಿತು, ಮಂಡಿಯನ್ನು ತುಸು ಮಡಿಸಿ, ಪಾದಕ್ಕೆ ಒಂದು ಪಂಚೆಯನ್ನು ಸುತ್ತಿ ಅದರ ತುದಿಗಳನ್ನು ಹಿಡಿದು, ಬೆನ್ನನ್ನು ಉದ್ದವಾಗಿಸಿ ಕುಳಿತರೆ ಅಷ್ಟೇ ಆಸನ. ಹಣೆ ಮೊಣಕಾಲಿಗೆ ಒಂದು ಮಾರು ದೂರದಲ್ಲಿರಲಿ, ಚಿಂತೆಯಿಲ್ಲ.

ಪದ್ಮಾಸನದ ವಿಷಯದಲ್ಲಿಯೂ ಇದೇ ನ್ಯಾಯ. ಮಂಡಿ ಮಡಿಚುವ ಬಿಡಿಸುವ ಕೀಲೇ ಹೊರತು ತಿರುಚುವ ಕೀಲಲ್ಲ. ತಿರುಗಬೇಕಾದುದು ತೊಡೆಯ ಬುಡ. ಅದು ತಿರುಗದಿದ್ದಾಗ ಪಾದವನ್ನು ಕೈಯಿಂದೆಳೆದು ತೊಡೆಯ ಮೇಲಿಟ್ಟರೆ ಮಂಡಿಯೊಳಗಿನ ಮೃದುವಾದ ಎಲುಬು ಸೀಳಬಹುದು. ಸುಖಾಸನದಲ್ಲಿ ಕುಳಿತು ಮಂಡಿಗಳ ಕೆಳಗೆ ದಿಂಬು ಕೊಟ್ಟುಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ.

ಸೂರ್ಯನಮಸ್ಕಾರಕ್ಕೆ ನೂರೆಂಟರ ಲೆಕ್ಕ ಅಂಟಿಕೊಂಡಿರುವುದು ನಮ್ಮ ಅಭಿಪ್ರಾಯದಲ್ಲಿ ಮರಳಿದವರಿಗೆ ಹಿತವಲ್ಲ. ಮೂರು ನಾಲ್ಕು ನಮಸ್ಕಾರಗಳು ಸಾಕು. ಕೆಳಗಿಳಿಯುವಾಗ ಮೊದಲು ಮೊಣಕಾಲನ್ನು ನೆಲಕ್ಕೂರಿದರೆ ಭುಜಕ್ಕೆ ಪೆಟ್ಟಿಲ್ಲ.

ಇನ್ನು ತಲೆಕೆಳಗಾದ ಆಸನಗಳು. ಒಬ್ಬರೇ ಮನೆಯಲ್ಲಿ ಶೀರ್ಷಾಸನಕ್ಕೆ ಮರಳುವುದನ್ನು ನಾವು ಯಾರಿಗೂ ಸೂಚಿಸುವುದಿಲ್ಲ. ಅದು ಬಲ್ಲ ಗುರುವಿನ ಎದುರಿನಲ್ಲಿ ಆಗತಕ್ಕದ್ದು. ಕುತ್ತಿಗೆ ಹೊರುವಂತೆ ರಚಿತವಾದುದು ನಾಲ್ಕೈದು ಕಿಲೋ ತೂಗುವ ತಲೆಯನ್ನು ಮಾತ್ರ. ಸರ್ವಾಂಗಾಸನಕ್ಕೆ ಮೂರು ನಾಲ್ಕು ಚಾದರಗಳನ್ನು ಅಂಚಿಗೆ ಅಂಚು ಕೂಡುವಂತೆ ಮಡಿಸಿ ಒಂದರ ಮೇಲೊಂದಿರಿಸಿ, ಭುಜಗಳು ಅದರ ಮೇಲೆ, ತಲೆ ಕೆಳಗೆ ನೆಲದ ಮೇಲೆ ಇರುವಂತೆ ಮಲಗಬೇಕು; ಹಾಗಾದರೆ ಕುತ್ತಿಗೆಯ ಹಿಂಭಾಗ ನೆಲಕ್ಕೆ ಒತ್ತುವುದಿಲ್ಲ. ಅದಕ್ಕೂ ಮೊದಲ ಒಂದೆರಡು ತಿಂಗಳು ಗೋಡೆಗೆ ಕಾಲುಗಳನ್ನು ಆನಿಸಿ ಮಲಗುವುದೇ ಸಾಕು. ಮೊಬೈಲಿನ ಚಿತ್ರವನ್ನು ನೋಡಿ ಆಸನ ಮಾಡುವವರಿಗೆ ಒಂದು ವಿಜ್ಞಾಪನೆ: ಕಾಲು ಮೇಲಕ್ಕೆತ್ತಿರುವಾಗ, ಆ ಚಿತ್ರದಲ್ಲಿರುವವರು ಮುಂದೇನು ಮಾಡಿದರೆಂದು ನೋಡಲು ಕತ್ತನ್ನು ಹೊರಳಿಸಬಾರದು. ಮೈಯ ಭಾರವನ್ನು ಹೊತ್ತ ಕುತ್ತಿಗೆ ತಿರುಚಿದರೆ ಆಗುವ ಅನಾಹುತಕ್ಕೆ ಎಣ್ಣೆ ತಿಕ್ಕಿಸಿ ಪ್ರಯೋಜನವಿಲ್ಲ. ಪಾಠವನ್ನು ಪೂರ್ತಿಯಾಗಿ ನೋಡಿ, ಮೊಬೈಲನ್ನು ಮುಚ್ಚಿಟ್ಟು, ಆಮೇಲೆ ಮಾಡಿರಿ.

ರಕ್ತದ ಒತ್ತಡ ಹೆಚ್ಚಾಗಿರುವವರು, ಕಣ್ಣಿನ ಒಳಒತ್ತಡವುಳ್ಳವರು, ಕುತ್ತಿಗೆಯ ಎಲುಬು ಸವೆದವರು ಈ ತಲೆಕೆಳಗಿನ ಆಸನಗಳಿಗೆ ಕೈಹಾಕಲಾಗದು. ಮುಟ್ಟು ನಿಂತ ಬಳಿಕ ಎಲುಬುಗಳು ಟೊಳ್ಳಾಗಿರುವ ತಾಯಂದಿರು ಬೆನ್ನನ್ನು ಬಾಗಿಸಿ ಬಲವಾಗಿ ಬಗ್ಗಬಾರದು. ಬೆನ್ನೆಲುಬಿನ ಮಣಿಗಳು ಕುಸಿಯುವ ಭಯವುಂಟು. ಹೆರಿಗೆಯಾದವರು, ಅದರಲ್ಲಿಯೂ ಹೊಟ್ಟೆ ಕೊಯ್ದು ಹೆರಿಗೆಯಾದವರು, ವೈದ್ಯರ ಒಪ್ಪಿಗೆಯಿಲ್ಲದೆ ತೊಡಗಬಾರದು; ಒಪ್ಪಿಗೆ ದೊರೆತ ಮೇಲೂ ಹೊಟ್ಟೆಯನ್ನು ಬಿಗಿಹಿಡಿಯುವ ಆಸನಗಳಿಂದ ತೊಡಗಬಾರದು.

ನೋವನ್ನು ಕುರಿತು ಕೇಳುವವರುಂಟು. ಸ್ನಾಯುವಿನ ನಡುಭಾಗದಲ್ಲಿ ಹರಡಿಕೊಂಡು, ಎರಡು ದಿನಗಳಲ್ಲಿ ತಣ್ಣಗಾಗುವ ಸೆಳೆತಕ್ಕೆ ಅಂಜಬೇಕಾಗಿಲ್ಲ. ಕೀಲಿನ ಬಳಿ ಸೂಜಿ ಚುಚ್ಚಿದಂತಾದರೆ, ಕೈಗೋ ಕಾಲಿಗೋ ಜೋಮು ಇಳಿದರೆ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣತಕ್ಕದ್ದು. ನೋವಿಗೂ ಮೊದಲೇ ಎಚ್ಚರಿಸುವುದು ಉಸಿರು. ಆಸನದಲ್ಲಿ ಉಸಿರು ಬಿಗಿದು ನಿಂತಿತೆಂದರೆ, ಮುಖ ಗಂಟಿಕ್ಕಿತೆಂದರೆ, ಅಳತೆ ಮೀರಿತೆಂದು ತಿಳಿದು ಒಂದು ಗೇಣು ಹಿಂದಕ್ಕೆ ಬರಬೇಕು. ಆಸನವು ಸ್ಥಿರವಾಗಿಯೂ ಸುಖವಾಗಿಯೂ ಇರಬೇಕೆಂದು ಪತಂಜಲಿಗಳು ಹೇಳಿದುದನ್ನು ಎಲ್ಲರೂ ಬಲ್ಲರು. ಸುಖವೆಂಬ ಎರಡನೆಯ ಮಾತನ್ನು ಮಾತ್ರ ನಮ್ಮ ಗಂಡಸರು ಮರೆಯುವುದೇ ಹೆಚ್ಚು.

ದಿನಕ್ಕೆ ಇಪ್ಪತ್ತು ನಿಮಿಷ, ವಾರಕ್ಕೆ ನಾಲ್ಕು ದಿನ ನಡೆದರೆ ಮೊದಲ ತಿಂಗಳಿಗೆ ಧಾರಾಳವಾಯಿತು. ಅದರಲ್ಲಿ ಕಡೆಯ ಐದು ನಿಮಿಷ ಶವಾಸನಕ್ಕೆ ಮೀಸಲು. ಅನ್ನಕ್ಕಿಟ್ಟ ಕುಕ್ಕರಿನ ಸೀಟಿ ಕೇಳಿತೆಂದು ಶವಾಸನದಿಂದ ಥಟ್ಟನೆ ಎದ್ದು ಕೂರುವ ತಾಯಂದಿರು ಇಲ್ಲಿರಬಹುದು. ಆ ಕುಕ್ಕರನ್ನು ಮೊದಲೇ ಇಳಿಸಿಟ್ಟು ಬರುವುದು ಒಳ್ಳೆಯದು. ಏಳುವಾಗ ಮೊದಲು ಮಂಡಿಗಳನ್ನು ಮಡಿಸಿ, ಬಲಮಗ್ಗುಲಿಗೆ ಹೊರಳಿ, ಎರಡು ಉಸಿರು ಅಲ್ಲಿಯೇ ಇದ್ದು, ಅಂಗೈಯನ್ನು ನೆಲಕ್ಕೊತ್ತಿ ಮೇಲೇಳಬೇಕು; ತಲೆ ಎಲ್ಲಕ್ಕೂ ಕಡೆಯಲ್ಲಿ ಏಳಲಿ.

ಇನ್ನುಳಿದುದನ್ನು ಮಾತಿಗಿಂತ ಮಾಡಿ ತೋರಿಸುವುದೇ ಮೇಲು. ಚಾದರಗಳನ್ನು ತಂದಿರುವವರು ಈ ಬಲಗಡೆಯ ಗೋಡೆಯ ಬಳಿಗೆ ಬರಬಹುದು, ತಾಡಾಸನದಿಂದ ತೊಡಗೋಣ.