ಎಲಾಳ ಅಮ್ಮನಿಗೆ ಯಾರೂ ಹೇಳಿರಲಿಲ್ಲ

ಇವತ್ತು ನಾನು ಲಂಡನ್ನಿನ ಒಬ್ಬ ಹುಡುಗಿಯ ಬಗ್ಗೆ ಹೇಳ್ತೀನಿ. ಹೆಸರು ಎಲಾ ಅಡೂ-ಕಿಸ್ಸಿ-ಡೆಬ್ರಾ. ಲೂಯಿಶಮ್ ಅನ್ನೋ ಪ್ರದೇಶದಲ್ಲಿ, ಸದಾ ಗಾಡಿಗಳು ತುಂಬಿರೋ ಸೌತ್ ಸರ್ಕ್ಯುಲರ್ ರಸ್ತೆಯಿಂದ ಸುಮಾರು 30 ಮೀಟರ್ ದೂರದಲ್ಲಿ ಅವಳ ಮನೆ. ತೀವ್ರ ಅಸ್ತಮಾ ಇತ್ತು. ಮೂರು ವರ್ಷದಲ್ಲಿ 25ಕ್ಕೂ ಹೆಚ್ಚು ಸಲ ಆಸ್ಪತ್ರೆ ಸೇರಿದಳು. 2013ರ ಫೆಬ್ರವರಿಯಲ್ಲಿ ತೀರಿಕೊಂಡಳು. ಆಗ ಅವಳಿಗೆ ಬರೀ ಒಂಬತ್ತು ವರ್ಷ.

2014ರ ವಿಚಾರಣೆಯಲ್ಲಿ ಉಸಿರಾಟದ ವೈಫಲ್ಯವೇ ಕಾರಣ ಅಂತ ಬರೆದರು. ಗಾಳಿಯ ಮಾತೇ ಬರಲಿಲ್ಲ. ತಾಯಿ ರೋಸಮಂಡ್ ಸುಮ್ಮನಾಗಲಿಲ್ಲ. ಪ್ರೊಫೆಸರ್ ಸ್ಟೀಫನ್ ಹೋಲ್ಗೇಟ್ ಅವರು ಆಸ್ಪತ್ರೆ ದಾಖಲೆಗಳನ್ನೂ ಮನೆಯ ಹತ್ತಿರದ ಗಾಳಿಯ ಅಳತೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಎರಡಕ್ಕೂ ನಂಟು ಕಾಣಿಸ್ತು. 2019ರಲ್ಲಿ ಹೈಕೋರ್ಟ್ ಹಳೇ ತೀರ್ಮಾನ ರದ್ದು ಮಾಡಿತು. 2020ರ ಡಿಸೆಂಬರ್‌ನಲ್ಲಿ, ವಿಚಾರಣೆ ನಡೆಸಿದ ಅಧಿಕಾರಿ ಫಿಲಿಪ್ ಬಾರ್ಲೋ ಅವರು ವಾಯುಮಾಲಿನ್ಯವೂ ಈ ಸಾವಿಗೆ ಕಾರಣ ಅಂತ ದಾಖಲಿಸಿದರು. ಬ್ರಿಟನ್ನಿನಲ್ಲಿ ಅದೇ ಮೊದಲು.

ಅವರು ಹೇಳಿದ ಇನ್ನೊಂದು ವಿಷಯ ನನ್ನನ್ನ ಹೆಚ್ಚು ಕಾಡುತ್ತೆ. ಕೆಟ್ಟ ಗಾಳಿಯಿಂದ ಅಸ್ತಮಾ ಹೆಚ್ಚುತ್ತೆ ಅಂತ ಆ ತಾಯಿಗೆ ಯಾರೂ ತಿಳಿಸಿರಲಿಲ್ಲ. ತಿಳಿಸಿದ್ದರೆ ಆಕೆ ಏನಾದರೂ ಕ್ರಮ ತಗೊಳ್ತಿದ್ದರು, ಮಗು ಉಳಿಯಬಹುದಿತ್ತು.

ಆಗೋದು ಇಷ್ಟೇ. ಅಸ್ತಮಾ ಇರೋ ಮಗುವಿನ ಶ್ವಾಸನಾಳ ಮೊದಲೇ ಊದಿಕೊಂಡಿರುತ್ತೆ. ಡೀಸೆಲ್ ಹೊಗೆಯ ನೈಟ್ರೋಜನ್ ಡೈಆಕ್ಸೈಡ್, ಕೂದಲೆಳೆಗಿಂತ ಎಷ್ಟೋ ಪಟ್ಟು ಸಣ್ಣದಾದ ಪಿಎಂ 2.5 ಕಣಗಳು ಅದನ್ನ ಕೆರಳಿಸ್ತವೆ. ನಾಳ ಬಿಗಿಯುತ್ತೆ, ಕಫ ಕಟ್ಟುತ್ತೆ, ಉಬ್ಬಸ ಶುರು. ಮಕ್ಕಳು ದೊಡ್ಡವರಿಗಿಂತ ಬೇಗಬೇಗ ಉಸಿರಾಡ್ತಾರೆ, ಅವರ ಶ್ವಾಸಕೋಶ ಇನ್ನೂ ಬೆಳೀತಾ ಇರುತ್ತೆ.

ಈಗ ನಿಮ್ಮ ಫೋನಿಗೆ ಬನ್ನಿ. ಪಿಎಂ 2.5ಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ವಾರ್ಷಿಕ ಮಿತಿ ಘನ ಮೀಟರಿಗೆ 5 ಮೈಕ್ರೋಗ್ರಾಂ. ನಮ್ಮ ದೇಶದ ಮಿತಿ 40. ನಮ್ಮ ಎಕ್ಯೂಐ 51ರಿಂದ 100ರ ಒಳಗಿದ್ದರೆ ‘ತೃಪ್ತಿಕರ’ ಅಂತ ಕರೀತಾರೆ. ಆದ್ರೆ ಆಗಲೂ ಸೂಕ್ಷ್ಮ ಇರೋರಿಗೆ ಉಸಿರಾಟದ ಸಣ್ಣ ತೊಂದರೆ ಆಗಬಹುದು ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೇ ಹೇಳುತ್ತೆ. ಅಂದ್ರೆ ಆ ಹಸಿರು ಬಣ್ಣ ಎಲ್ಲ ಮಕ್ಕಳಿಗೂ ಭರವಸೆ ಅಲ್ಲ.

ನಿಮ್ಮ ಅಕ್ಕನ ಮಗುವಿಗೋ ಪಕ್ಕದ ಮನೆಯ ಹುಡುಗನಿಗೋ ಉಬ್ಬಸ ಇದ್ದರೆ ಒಂದು ಕೆಲಸ ಮಾಡಿ. ಕೆಮ್ಮು ಜಾಸ್ತಿಯಾದ ದಿನ, ಆ ದಿನದ ಎಕ್ಯೂಐ, ಅವತ್ತು ಸೊಳ್ಳೆಬತ್ತಿ ಹಚ್ಚಿದ್ರಾ, ಬೀದಿಯಲ್ಲಿ ಕಸ ಸುಟ್ಟರಾ, ಎಲ್ಲ ಫೋನಲ್ಲಿ ಬರೆದಿಡಿ. ಅದನ್ನ ಡಾಕ್ಟರಿಗೆ ತೋರಿಸೋಕೆ ಹೇಳಿ. ಅವರು ಕೊಟ್ಟ ಇನ್‌ಹೇಲರನ್ನ ‘ಅಭ್ಯಾಸ ಆಗಿಬಿಡುತ್ತೆ’ ಅಂತ ನಿಲ್ಲಿಸಬೇಡಿ.

ರಸ್ತೆಯ ಹೊಗೆ ಕಡಿಮೆ ಮಾಡಬೇಕಾದ್ದು ಸರ್ಕಾರ. ಅದನ್ನ ಕೇಳ್ತಾನೇ ಇರೋಣ. ಆದ್ರೆ ಗೊತ್ತಿರೋದನ್ನ ಒಬ್ಬ ತಾಯಿಗೆ ಹೇಳೋಕೆ ಯಾರ ಆದೇಶಕ್ಕೂ ಕಾಯಬೇಕಿಲ್ಲ. ಈ ಸಂಚಿಕೆ ಯಾರಿಗೆ ಬೇಕು ಅಂತ ನಿಮಗೆ ಗೊತ್ತು. ಅವರಿಗೆ ಕಳಿಸಿ.